ನೂರ ಹತ್ತು ಸೆಕೆಂಡಿನ ಕ್ಲಚ್ಚು

ಕ್ಲಚ್ಚು ಒಂದೋ ಬಿಗಿಯಾಗಿರಬೇಕು, ಇಲ್ಲವೇ ಜಾರಬೇಕು. ಎರಡನ್ನೂ ಒಟ್ಟಿಗೆ ಮಾಡುವ ಅಧಿಕಾರ ಅದಕ್ಕಿಲ್ಲ ಎಂಬುದು ಅಕ್ಕನ ಖಚಿತ ಅಭಿಪ್ರಾಯವಾಗಿತ್ತು. ಮೂವತ್ತೊಂದು ವರ್ಷ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯವನ್ನು ನೋಡಿಕೊಂಡು ನಿವೃತ್ತಳಾದವಳು ಅವಳು. ಸ್ಪ್ರಿಂಗುಗಳು ತಟ್ಟೆಗಳನ್ನು ಒತ್ತಿ ಹಿಡಿಯುತ್ತವೆ. ಗಟ್ಟಿಯಾಗಿ ಒತ್ತಿದರೆ ತಟ್ಟೆಗಳು ಜಾರುವುದಿಲ್ಲ, ಆದರೆ ಹಿಡಿಕೆ ಎಳೆಯುವ ಕೈಗೆ ಸಂಕಟ. ಸಡಿಲ ಬಿಟ್ಟರೆ ಕೈಗೆ ಸುಖ, ಆದರೆ ಏರು ಬಂದಾಗ ಎಂಜಿನ್ನು ಬಾಯಿ ಬಡಿದುಕೊಳ್ಳುತ್ತದೆ, ಚಕ್ರ ಮಾತ್ರ ತನಗೂ ಅದಕ್ಕೂ ಸಂಬಂಧವಿಲ್ಲ ಎನ್ನುವಂತೆ ತೆವಳುತ್ತದೆ. ಒಂದು ಕಡೆ ಕಳೆದರೆ ಇನ್ನೊಂದು ಕಡೆ ಸಿಗಬೇಕು. ಅಪ್ಪನ ಕಾಲದ ಆ ಮೋಟಾರ್ ಸೈಕಲ್ಲು ಎರಡೂ ಕಡೆ ಕಳೆಯುತ್ತಿತ್ತು. ಕೈಗೆ ಕಲ್ಲಿನಷ್ಟು ಭಾರ, ಏರಿನಲ್ಲಿ ಜಾರುಬಂಡೆ.

ಇದನ್ನೆಲ್ಲ ಅವಳು ಗ್ಯಾರೇಜಿನವನಿಗೆ ಸವಿಸ್ತಾರವಾಗಿ ವಿವರಿಸಿದಳು. ದಿನಕ್ಕೆ ಹತ್ತು ಮಾತು ಮೀರದ ಮನುಷ್ಯನಾದ್ದರಿಂದ ಅವನಿಗೆ ಬೀದಿಯವರೆಲ್ಲ ಸೈಲೆನ್ಸರ್ ಎಂದು ಹೆಸರಿಟ್ಟಿದ್ದರು. ಸೈಲೆನ್ಸರ್ ಹಿಡಿಕೆಯನ್ನು ಒಮ್ಮೆ ಎಳೆದ. ಕ್ಲಚ್ಚಿನ ದುಂಡು ಮುಚ್ಚಳದ ಸುತ್ತ ಇದ್ದ ಪುಟ್ಟ ಸ್ಕ್ರೂಗಳ ಮೇಲೆ ಬೆರಳಾಡಿಸಿದ. ಅವುಗಳ ತಲೆ ಹೊಸ ಪಾತ್ರೆಯಂತೆ ಹೊಳೆಯುತ್ತಿತ್ತು.

"ಮನೇಲಿ ಟೂಲ್ಸ್ ಏನೇನಿವೆ ಮೇಡಂ?"

"ಒಂದು ಸ್ಕ್ರೂಡ್ರೈವರ್ ನನ್ನ ಹತ್ರ ಇದೆ. ಸ್ಪ್ಯಾನರ್ ತಮ್ಮನ ಹತ್ರ."

"ಎರಡನ್ನೂ ತಂದು ನನಗೆ ಕೊಟ್ಬಿಡಿ. ಗಾಡಿ ತಾನಾಗೇ ಸರಿ ಹೋಗುತ್ತೆ."

ಅಷ್ಟು ಹೇಳಿ ಆ ದಿನದ ಮಾತು ಮುಗಿಯಿತೆನ್ನುವಂತೆ ಅವನು ಬೇರೆ ಗಾಡಿಯ ಕೆಳಗೆ ನುಸುಳಿದ. ಅಕ್ಕ ಗಾಡಿಯನ್ನು ತಳ್ಳಿಕೊಂಡು ಮನೆಗೆ ಹೊರಟಳು. ಅರ್ಧ ದಾರಿ ಬರುವಷ್ಟರಲ್ಲಿ ಅವಳಿಗೆ ಬೆವರಿಳಿದಿತ್ತು. ಅದಕ್ಕೆ ಗಾಡಿಯ ತೂಕವೊಂದೇ ಕಾರಣವಲ್ಲ. ಆ ಹೊಳೆಯುವ ಸ್ಕ್ರೂಗಳಲ್ಲಿ ಅರ್ಧ ಹೊಳಪು ತನ್ನದೇ ಎಂದು ಅವಳಿಗೆ ಗೊತ್ತಿತ್ತು. ಉಳಿದರ್ಧ ಯಾರದು ಎಂಬುದು ಈಗಷ್ಟೇ ಹೊಳೆಯತೊಡಗಿತ್ತು.

ಗಾಡಿ ಅಕ್ಕ ತಮ್ಮ ಇಬ್ಬರಿಗೂ ಸೇರಿದ್ದು. ಕೆಳಗಿನ ಮನೆಯಲ್ಲಿ ಅಮ್ಮ ಮತ್ತು ಅಕ್ಕ, ಮಹಡಿಯ ಮೇಲೆ ತಮ್ಮನ ಸಂಸಾರ, ಮೆಟ್ಟಿಲ ಕೆಳಗೆ ಗಾಡಿ. ಬೆಸ ತಾರೀಕು ಅಕ್ಕನದು, ಸಮ ತಾರೀಕು ತಮ್ಮನದು. ಮೂವತ್ತೊಂದು ಮುಗಿದ ಮೇಲೆ ಒಂದು ಬರುವುದರಿಂದ ಅಕ್ಕನಿಗೆ ವರ್ಷಕ್ಕೆ ಏಳು ದಿನ ಹೆಚ್ಚು ದಕ್ಕುತ್ತದೆಂದು ತಮ್ಮ ಇಪ್ಪತ್ತು ವರ್ಷದಿಂದ ಗೊಣಗುತ್ತಿದ್ದ. ಅವನು ಹಲ್ಲಿನ ಡಾಕ್ಟರು. ತೊಂಬತ್ತಾರು ಕಿಲೋ ತೂಕ, ಮೆತ್ತನೆಯ ಮಾತು, ಇಕ್ಕಳದಂಥ ಕೈ.

ಹೋದ ತಿಂಗಳು ದೊಡ್ಡ ಸರ್ಕಲ್ಲಿನ ಕೆಂಪು ದೀಪದಲ್ಲಿ ಅಕ್ಕನ ಎಡಗೈ ಸೋತಿತು. ಹೆಬ್ಬೆರಳಿನ ಬುಡದ ಕೀಲು ಸವೆದಿತ್ತು. ಹಿಡಿಕೆ ಕೈಯಿಂದ ಜಾರಿತು, ಗಾಡಿ ಒಂದು ನೆಗೆತ ನೆಗೆದು ಮುಂದಿದ್ದ ಹಾಲಿನ ವ್ಯಾನಿಗೆ ಮುತ್ತಿಟ್ಟು ನಿಂತಿತು. ವ್ಯಾನಿನವನು ಇಳಿದು ಬಂದು ಬಂಪರನ್ನು ನೋಡಿದ, ಅವಳ ನರೆಗೂದಲನ್ನು ನೋಡಿದ, ಏನೂ ಅನ್ನದೆ ಹೋದ. ಅವನು ಬೈದಿದ್ದರೆ ಅವಳೂ ನಾಲ್ಕು ಮಾತು ಬೈದು ಹಗುರಾಗುತ್ತಿದ್ದಳು. ಸಾಲದ್ದಕ್ಕೆ ಅವನು ತಮ್ಮನ ರೋಗಿ. ಬಾಯಿ ತುಂಬ ಹತ್ತಿ ಇಟ್ಟುಕೊಂಡೇ ಇಡೀ ಕಥೆಯನ್ನು ಡಾಕ್ಟರಿಗೆ ಒಪ್ಪಿಸಿಬಿಟ್ಟಿದ್ದ.

ಆ ಸಂಜೆ ತಮ್ಮ ಕೆಳಗಿಳಿದು ಬಂದು ಬಹಳ ಪ್ರೀತಿಯಿಂದ, "ಅಕ್ಕ, ಸಾಕು ಇನ್ನು. ಹಿಂದೆ ಕೂತ್ಕೋ, ಎಲ್ಲಿಗೆ ಬೇಕಾದ್ರೂ ನಾನು ಕರ್ಕೊಂಡು ಹೋಗ್ತೀನಿ" ಎಂದ.

ಅವಳ ಎದೆಗೆ ನೆಟ್ಟದ್ದು ಆ 'ಹಿಂದೆ ಕೂತ್ಕೋ'. ಹದಿನೇಳನೇ ವಯಸ್ಸಿನಲ್ಲಿ ಅಪ್ಪನಿಗೆ ಗೊತ್ತಾಗದಂತೆ ಈ ಗಾಡಿ ಕಲಿತವಳು ಅವಳು. ಇವನನ್ನು ಮೈದಾನಕ್ಕೆ ಕರೆದೊಯ್ದು, ಹಿಂದಿನಿಂದ ಸೊಂಟ ಹಿಡಿದು, ಬಿದ್ದಾಗ ಮೊಣಕಾಲಿಗೆ ಉಗುಳು ಹಚ್ಚಿ ಕಲಿಸಿದವಳೂ ಅವಳೇ. ನಿವೃತ್ತಿಯಾದ ಮೇಲೆ ಬೆಸ ತಾರೀಕಿನ ಬೆಳಗ್ಗೆ ಊರಾಚೆಯ ಸೇತುವೆಯವರೆಗೆ ಹೋಗಿ, ಅಲ್ಲಿ ಯಾವ ಕೆಲಸವೂ ಇಲ್ಲದೆ ಐದು ನಿಮಿಷ ನಿಂತು ಬರುವುದು ಅವಳ ವಾರದಲ್ಲಿ ಯಾರಿಗೂ ಕಾರಣ ಹೇಳಬೇಕಿಲ್ಲದ ಏಕೈಕ ಕೆಲಸ. ಅಲ್ಲಿಗೆ ಯಾರ ಬೆನ್ನ ಹಿಂದೆ ಕೂತು ಹೋಗುವುದು? ಹೋಗಿ ಅವನಿಗೆ ಏನೆಂದು ಹೇಳುವುದು?

ಆದ್ದರಿಂದ ಅವಳು ಎದುರುದೂರು ಹೂಡಿದಳು. ನೀರಿನ ಟ್ಯಾಂಕಿನ ಏರಿನಲ್ಲಿ ಗಾಡಿ ಜಾರುವುದು ಇವನ ತೂಕದಿಂದ, ತಟ್ಟೆಗಳನ್ನು ಸುಡುತ್ತಿರುವವನು ಇವನು ಎಂದಳು. ಎಂಬತ್ತನಾಲ್ಕು ವರ್ಷದ ಅಮ್ಮ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಇಬ್ಬರ ವಾದವನ್ನೂ ಕೇಳಿ ತೀರ್ಪು ಕೊಟ್ಟಳು. ಮುಂದಿನ ತಿಂಗಳ ಎರಡನೇ ಭಾನುವಾರ ಇಬ್ಬರಿಗೂ ಪರೀಕ್ಷೆ. ದೊಡ್ಡ ಸರ್ಕಲ್ಲಿನಲ್ಲಿ ಕೆಂಪು ಬಿದ್ದ ಗಳಿಗೆಯಿಂದ ಹಸಿರಾಗುವವರೆಗೆ ಅಕ್ಕ ಕ್ಲಚ್ಚು ಬಿಡಬಾರದು. ಆಮೇಲೆ ಅಕ್ಕನನ್ನು ಹಿಂದೆ ಕೂರಿಸಿಕೊಂಡು ತಮ್ಮ ಟ್ಯಾಂಕಿನ ಏರು ಹತ್ತಬೇಕು, ಗಾಡಿ ಜಾರಬಾರದು. ಸೋತವರ ತಾರೀಕುಗಳು ಗೆದ್ದವರಿಗೆ.

ಅಕ್ಕ ಮರುದಿನವೇ ಗಡಿಯಾರ ಹಿಡಿದು ಸರ್ಕಲ್ಲಿಗೆ ಹೋಗಿ ಕೆಂಪು ದೀಪವನ್ನು ಐದು ಸಲ ಅಳೆದಳು. ಐದು ಸಲವೂ ನೂರ ಹತ್ತು ಸೆಕೆಂಡು. ಮನೆಗೆ ಬಂದು ಹಳೆಯ ಲ್ಯಾಬಿನ ಸ್ಪ್ರಿಂಗ್ ತಕ್ಕಡಿಯನ್ನು ಹಿಡಿಕೆಯ ತುದಿಗೆ ಸಿಕ್ಕಿಸಿ ಎಳೆದಳು. ಹದಿಮೂರು ಕಿಲೋ. ತಮ್ಮ ಕ್ಲಿನಿಕ್ಕಿಗೆ ಹೋದ ಮೇಲೆ ದುಂಡು ಮುಚ್ಚಳ ಬಿಚ್ಚಿದಳು. ಒಳಗೆ ಮೂರು ಸ್ಪ್ರಿಂಗು. ಎರಡರ ತಲೆಯ ಮೇಲೆ ಸ್ಕ್ರೂ. ಮೂರನೆಯದರ ಸ್ಕ್ರೂ ಎಂದೋ ಮುರಿದಾಗ ಅಪ್ಪ ಅದರ ಜಾಗದಲ್ಲಿ ಒಂದು ನಟ್ಟು ಕೂರಿಸಿದ್ದ. ಅಪ್ಪನ ಕೈಕೆಲಸವಲ್ಲವೇ ಎಂದು ಅದನ್ನು ಮುಟ್ಟಲಿಲ್ಲ. ನಿಜ ಹೇಳಬೇಕೆಂದರೆ ಅದಕ್ಕೆ ಬೇಕಾದ ಸ್ಪ್ಯಾನರು ಅವಳಲ್ಲಿರಲಿಲ್ಲ. ಎರಡು ಸ್ಕ್ರೂಗಳನ್ನು ಅರ್ಧರ್ಧ ಸುತ್ತು ಸಡಿಲಿಸಿದಳು. ಹನ್ನೊಂದು ಕಿಲೋಗೆ ಇಳಿಯಿತು.

ಮೂರು ದಿನ ಬಿಟ್ಟು ಅಳೆದರೆ ಮತ್ತೆ ಹದಿಮೂರು.

ಅವಳು ಮೊದಲು ಸಂಶಯಪಟ್ಟಿದ್ದು ಹವೆಯನ್ನು, ಆಮೇಲೆ ತಕ್ಕಡಿಯನ್ನು, ಆಮೇಲೆ ತನ್ನ ಕನ್ನಡಕವನ್ನು. ತಮ್ಮನನ್ನು ಕೇಳುವಂತಿರಲಿಲ್ಲ. ಬಿಗಿ ಮಾಡಿದೆಯಾ ಎಂದು ಕೇಳಿದರೆ ಸಡಿಲ ಮಾಡಿದವರು ಯಾರು ಎಂದು ಅವನು ಕೇಳುತ್ತಾನೆ. ತೆಪ್ಪಗೆ ಮತ್ತೆ ಅರ್ಧ ಸುತ್ತು ಸಡಿಲಿಸಿದಳು. ಮತ್ತೆ ಹದಿಮೂರಾಯಿತು. ಈ ಆಟ ಎರಡು ವಾರ ನಡೆದು ಗಾಡಿ ಎರಡು ರೋಗಗಳನ್ನೂ ಒಟ್ಟಿಗೆ ಅಂಟಿಸಿಕೊಂಡ ಮೇಲೆಯೇ ಅವಳು ಸೈಲೆನ್ಸರನ ಬಳಿ ಹೋದದ್ದು. ಪರೀಕ್ಷೆಗೆ ಆಗ ಒಂಬತ್ತು ದಿನ ಉಳಿದಿತ್ತು.

ಅಲ್ಲಿಂದ ಬಂದ ಸಂಜೆಯೇ ಅಂಗಡಿಗೆ ಹೋಗಿ ಜೀವಮಾನದಲ್ಲಿ ಮೊದಲ ಸಲ ಉಗುರುಬಣ್ಣ ಕೊಂಡಳು. ಕೆಂಪು. ಸ್ಕ್ರೂವಿನ ತಲೆಯಿಂದ ತಟ್ಟೆಯ ಮೇಲಕ್ಕೆ ಒಂದು ಎಳೆ ಗೆರೆ ಎಳೆದಿಟ್ಟರೆ ಸಾಕು. ಯಾರಾದರೂ ತಿರುಗಿಸಿದರೆ ಗೆರೆ ಮುರಿಯುತ್ತದೆ. ಸೀಸೆಯನ್ನು ಅಮ್ಮ ನೋಡಿಬಿಟ್ಟಳು. ಈ ವಯಸ್ಸಿನಲ್ಲಿ ಯಾರಿಗಾಗಿ ಈ ಸಿಂಗಾರ ಎಂದು ಕೇಳಿ, ಉತ್ತರಕ್ಕೆ ಕಾಯದೆ ಎರಡೂ ಕಾಲು ಮುಂದೆ ಚಾಚಿ ತನ್ನ ಹತ್ತೂ ಉಗುರಿಗೆ ಹಚ್ಚಿಸಿಕೊಂಡಳು. ಉಳಿದದ್ದು ಗಾಡಿಗೆ ಬಂತು.

ಮರುದಿನ ಮುಚ್ಚಳ ತೆಗೆದ ಅಕ್ಕ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಅವಳ ಎರಡು ಸ್ಕ್ರೂಗಳ ಅಂಚಿನಲ್ಲಿ ಆಗಲೇ ಸಾಸಿವೆ ಗಾತ್ರದ ಬಿಳಿ ಚುಕ್ಕೆಗಳಿದ್ದವು. ಉಗುರಿನಿಂದ ಗೀರಿದಳು, ಕಲ್ಲಿನಂತೆ ಗಟ್ಟಿ. ಹಲ್ಲಿನ ಹುಳುಕು ತುಂಬುವ ಸಿಮೆಂಟು! ಇವಳು ಮೊಹರು ಹಾಕಬೇಕೆಂದು ಹೊರಟರೆ ಅವನು ಮೊದಲೇ ಹಾಕಿಯಾಗಿತ್ತು. ಒಡಹುಟ್ಟಿದವಳನ್ನು ನಂಬದ ಇಂಥ ಬುದ್ಧಿ ಎಲ್ಲಿಂದ ಬಂತು ಇವನಿಗೆ ಎಂದು ಬೇಸರಪಟ್ಟುಕೊಳ್ಳುತ್ತಲೇ ಚುಕ್ಕೆಗಳನ್ನು ಕೆರೆದು ತೆಗೆದು, ಸ್ಕ್ರೂಗಳನ್ನು ಕಾಲು ಸುತ್ತು ಸಡಿಲಿಸಿ, ಅದೇ ಜಾಗದಲ್ಲಿ ಟೂತ್‌ಪೇಸ್ಟಿನ ಚುಕ್ಕೆ ಇಟ್ಟು ಊದಿ ಒಣಗಿಸಿದಳು. ಆಮೇಲೆ ಎರಡು ಸ್ಕ್ರೂಗಳಿಗೂ ನಟ್ಟಿಗೂ ತನ್ನ ಕೆಂಪು ಗೆರೆ ಎಳೆದು ಮುಚ್ಚಳ ಹಾಕಿದಳು.

ಎರಡು ದಿನ ಬಿಟ್ಟು ನೋಡಿದರೆ ಮೂರೂ ಗೆರೆಗಳು ಸರಿಯಾಗಿದ್ದವು. ತಕ್ಕಡಿ ಮಾತ್ರ ಹದಿಮೂರೂವರೆ ಎಂದಿತು. ಅಕ್ಕ ಭೂತಗನ್ನಡಿ ತಂದಳು. ಸ್ಕ್ರೂಗಳ ಮೇಲಿನ ಗೆರೆಗಳು ಅವಳವೇ, ಕೀಲುನೋವಿನ ಕೈ ಎಳೆದ ಸೊಟ್ಟ ಗೆರೆಗಳು. ನಟ್ಟಿನ ಮೇಲಿನದು ಮಾತ್ರ ಅಳತೆಪಟ್ಟಿ ಇಟ್ಟು ಎಳೆದಂತೆ ನೇರ. ದಿನವಿಡೀ ಬೇರೆಯವರ ಬಾಯೊಳಗೆ ಕೂದಲೆಳೆಯಷ್ಟು ಜಾಗದಲ್ಲಿ ಕೆಲಸ ಮಾಡುವವನ ಕೈ ಅದು.

ಮುಚ್ಚಳದ ಪುಟ್ಟ ಸ್ಕ್ರೂಗಳು ಹಲ್ಲು ಕೆರೆಯುವ ಸಲಾಕೆಗೂ ಬಿಚ್ಚಿಕೊಳ್ಳುತ್ತವೆ. ಒಳಗಿನ ಬಿಗಿ ಸ್ಕ್ರೂಗಳಿಗಾದರೆ, ಹೊಟ್ಟೆ ಅಡ್ಡ ಬಂದು, ತಮ್ಮನಿಗೆ ಸ್ಕ್ರೂಡ್ರೈವರನ್ನು ನೇರ ಹಿಡಿದು ಒತ್ತಲು ಆಗುವುದಿಲ್ಲ. ಪಕ್ಕದಿಂದ ಸ್ಪ್ಯಾನರು ತೂರಿಸಿ ನಟ್ಟೊಂದನ್ನೇ ತಿರುಗಿಸುತ್ತಿದ್ದ. ಇವಳು ಎರಡನ್ನು ಸಡಿಲಿಸುತ್ತ ಹೋಗಿದ್ದಳು, ಅವನು ಒಂದನ್ನೇ ಬಿಗಿಯುತ್ತ ಹೋಗಿದ್ದ. ಅವನ ಸ್ಪ್ರಿಂಗು ಸುರುಳಿಗೆ ಸುರುಳಿ ತಾಗುವಷ್ಟು ಕುಗ್ಗಿತ್ತು, ಇವಳವು ಎರಡೂ ಸೋಮಾರಿಗಳಂತೆ ಸಡಿಲ ಕೂತಿದ್ದವು. ಹಿಡಿಕೆ ಎಳೆದರೆ ಒತ್ತುತಟ್ಟೆ ಒಂದೇ ಮಗ್ಗುಲಿಗೆ ಏಳುತ್ತದೆ, ಆದ್ದರಿಂದ ಭಾರ. ಬಿಟ್ಟರೆ ಒಂದೇ ಮಗ್ಗುಲಿಗೆ ಒತ್ತುತ್ತದೆ, ಆದ್ದರಿಂದ ಜಾರು. ಶಾಸ್ತ್ರ ಸುಳ್ಳಾಗಿರಲಿಲ್ಲ. ಎರಡು ಕೈ ಸೇರಿ ಒಂದು ಕ್ಲಚ್ಚನ್ನು ಸೊಟ್ಟ ಮಾಡಬಹುದೆಂದು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ, ಅಷ್ಟೇ.

ಪರೀಕ್ಷೆಗೆ ಎರಡು ದಿನವಿದ್ದಾಗ, ಶುಕ್ರವಾರ ಮಧ್ಯಾಹ್ನ, ತಟ್ಟೆಯನ್ನು ನೇರ ಮಾಡಲು ಅವಳು ಒಬ್ಬಳೇ ಕೂತಳು. ಅದು ಒಬ್ಬರ ಕೆಲಸವಲ್ಲ. ಒಬ್ಬರು ಹಿಡಿಕೆ ಎಳೆದು ಹಿಡಿಯಬೇಕು, ಇನ್ನೊಬ್ಬರು ಕಿಕ್ಕರನ್ನು ನಿಧಾನ ಒತ್ತಿ ತಟ್ಟೆ ತಿರುಗುವಾಗ ಎಲ್ಲಿ ಓಲಾಡುತ್ತದೆಂದು ನೋಡಬೇಕು. ಹಿಡಿಕೆಗೆ ಹಗ್ಗ ಬಿಗಿಯಲು ಹೋಗಿ ಎರಡು ಸಲ ಹಗ್ಗವೇ ಬಿಚ್ಚಿಕೊಂಡಿತ್ತು. ಮೂರನೇ ಸಲಕ್ಕೆ ಗಂಟು ಹಾಕುತ್ತಿದ್ದಾಗ ಮೆಟ್ಟಿಲ ಬಳಿ ನೆರಳು ಬಿತ್ತು. ಕ್ಲಿನಿಕ್ಕಿನಲ್ಲಿ ಕರೆಂಟು ಹೋಗಿ ತಮ್ಮ ಬೇಗ ಬಂದಿದ್ದ. ಬಿಚ್ಚಿದ ಮುಚ್ಚಳ ನೋಡಿದ, ಅಕ್ಕನ ಪಕ್ಕದ ಟೂತ್‌ಪೇಸ್ಟ್ ನೋಡಿದ.

"ಹಲ್ಲುಜ್ತಿದ್ದೀಯ, ಅಕ್ಕ?"

"ಹೌದು ಕಣೋ. ನಿನ್ನ ಜೇಬಿಂದ ಹೊರಗೆ ಬಂದಿರೋ ಸ್ಪ್ಯಾನರು ಯಾರ ಹಲ್ಲು ಕೀಳೋದಕ್ಕೆ?"

ಅವನು ಜೇಬನ್ನು ಮುಚ್ಚಿಕೊಳ್ಳಲು ನೋಡಿದ. ಅಂಗೈ ಅಗಲದ ಜೇಬಿನಲ್ಲಿ ಗೇಣುದ್ದದ ಸ್ಪ್ಯಾನರು. ಇಬ್ಬರೂ ಒಟ್ಟಿಗೆ ಮಾತಾಡತೊಡಗಿದರು. ನಾನು ಮುಟ್ಟಿದ್ದು ಒಂದೇ ಸಲ ಎಂದು ಅವಳು, ನಾನು ನೀನು ಮುಟ್ಟಿದ ಮೇಲಷ್ಟೇ ಮುಟ್ಟಿದ್ದು ಎಂದು ಅವನು. ಕಿಟಕಿಯೊಳಗಿಂದ ಅಮ್ಮನ ದನಿ ಬಂತು.

"ಅವಳು ಐದು ಸಲ, ನೀನು ಆರು ಸಲ. ನಾನೇನು ಇಲ್ಲಿ ಗಾಳಿ ಕುಡಿಯೋಕೆ ಕೂತಿದ್ದೀನಾ?"

ಕೆಂಪು ಉಗುರಿನ ಎರಡು ಪಾದಗಳು ಕಿಟಕಿಯ ಸರಳಿಗೆ ಒರಗಿ ಆರಾಮವಾಗಿದ್ದವು.

ಕಳ್ಳತನ ಹೊರಬಿದ್ದ ಮೇಲೆ ಕೆಲಸ ಬೇಗ ಸಾಗಿತು. ತಮ್ಮ ಹಿಡಿಕೆಯನ್ನು ಎಳೆದು ಹಿಡಿದ. ಅಕ್ಕ ಮಣೆಯ ಮೇಲೆ ಕೂತು, ಒಂದು ಇಟ್ಟಿಗೆಯ ಮೇಲೆ ಪೆನ್ಸಿಲನ್ನು ಅದರ ಮೊನೆ ತಟ್ಟೆಯ ಅಂಚನ್ನು ಮುಟ್ಟಿಯೂ ಮುಟ್ಟದಂತೆ ಇಟ್ಟು, ಕಿಕ್ಕರನ್ನು ಅಂಗೈಯಿಂದ ಒತ್ತಿದಳು. ತಟ್ಟೆ ಓಲಾಡುತ್ತ ತಿರುಗಿತು. ಎಲ್ಲಿ ಉಬ್ಬಿ ಬಂದು ಪೆನ್ಸಿಲಿಗೆ ತಾಗಿ ಗೀರು ಬಿತ್ತೋ ಅಲ್ಲಿನ ಸ್ಪ್ರಿಂಗು ಸಡಿಲ. ಅದನ್ನು ಕಾಲು ಸುತ್ತು ಬಿಗಿಯುವುದು, ನಟ್ಟನ್ನು ಅರ್ಧ ಸುತ್ತು ಬಿಡುವುದು, ಮತ್ತೆ ಒತ್ತಿ ನೋಡುವುದು. ತಮ್ಮ ಬಾಯಿ ನೋಡುವ ಪುಟ್ಟ ಕನ್ನಡಿ ಕೊಟ್ಟು ಹಿಂಬದಿಯ ಅಂಚನ್ನೂ ನೋಡು ಎಂದ. ಅಪ್ಪನ ನಟ್ಟಿಗೆ ಸ್ಪ್ಯಾನರು ಹಾಕುವಾಗ ಮಾತ್ರ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹನ್ನೆರಡನೇ ಸಲಕ್ಕೆ ತಟ್ಟೆ ಪೆನ್ಸಿಲಿನ ಮುಂದೆ ನಿಂತಲ್ಲೇ ನಿಂತಿದೆಯೋ ಎನ್ನುವಷ್ಟು ನೆಟ್ಟಗೆ ತಿರುಗಿತು. ಕೇಬಲ್ಲಿಗೆ ಎಣ್ಣೆ ಬಿಟ್ಟು ಅಳೆದರು. ಒಂಬತ್ತು ಕಿಲೋ.

ತಮ್ಮನ ಮುಖ ಸಣ್ಣದಾಯಿತು. ಒಂಬತ್ತು ಕಿಲೋ ಬಿಗಿಗೆ ತನ್ನ ತೂಕ ಏರು ಹತ್ತೀತೇ ಎಂದ. ಅಕ್ಕನಿಗೂ ತನ್ನ ಹೆಬ್ಬೆರಳು ಒಂಬತ್ತು ಕಿಲೋವನ್ನು ನೂರ ಹತ್ತು ಸೆಕೆಂಡು ಹೊತ್ತೀತೇ ಎಂಬ ಭಯವಿತ್ತು, ಹೇಳಲಿಲ್ಲ. ಅಮ್ಮ ಸ್ಕ್ರೂಡ್ರೈವರು, ಸ್ಪ್ಯಾನರು ಎರಡನ್ನೂ ಕಿಟಕಿಯಿಂದಲೇ ಈಸಿಕೊಂಡು ತನ್ನ ದಿಂಬಿನಡಿ ಇಟ್ಟಳು.

ಭಾನುವಾರ ಬೆಳಗ್ಗೆ ಅಕ್ಕ ಮುಂದೆ, ತಮ್ಮ ಹಿಂದೆ. ದೊಡ್ಡ ಸರ್ಕಲ್ಲಿಗೆ ಬರುತ್ತಿದ್ದಂತೆ ಕೆಂಪು ಬಿತ್ತು. ಅವಳು ಮೊದಲ ಗೇರಿನಲ್ಲಿ ಹಿಡಿಕೆಯನ್ನು ಎಳೆದು ಹಿಡಿದು ಕಾಲೂರಿ ನಿಂತಳು. ತಮ್ಮ ಅವಳ ಕಿವಿಯ ಬಳಿ ಬಗ್ಗಿ, ಮೂವತ್ತು ವರ್ಷದಿಂದ ಪ್ರತಿ ರೋಗಿಗೂ ಹೇಳಿಕೊಂಡು ಬಂದ ಮಾತನ್ನು ಅದೇ ಮೆತ್ತನೆಯ ದನಿಯಲ್ಲಿ ಹೇಳಿದ.

"ನೋವಾದ್ರೆ ಎಡಗೈ ಎತ್ತು."

ನಲವತ್ತು ಸೆಕೆಂಡಿನವರೆಗೆ ಸುಲಭವಾಗಿತ್ತು. ಅರವತ್ತಕ್ಕೆ ಹೆಬ್ಬೆರಳಿನ ಬುಡದಲ್ಲಿ ಬಿಸಿ ಕಾಣಿಸಿತು. ಎಂಬತ್ತಕ್ಕೆ ಆ ಬಿಸಿ ಮಣಿಕಟ್ಟು ದಾಟಿತು. ಬೆರಳುಗಳು ತನ್ನವಲ್ಲ, ಯಾರದೋ ಸಾಮಾನು ಅಲ್ಲಿ ಮರೆತು ಹೋದಂತಿವೆ ಅನಿಸಿತು. ತೊಂಬತ್ತು. ಮುಂದೆ ಒಂದು ಪುಟ್ಟ ಕಾರು ನಿಂತಿತ್ತು, ಹಿಂದಿನ ಗಾಜಿನಿಂದ ಒಂದು ನಾಯಿ ಅವಳನ್ನೇ ನೋಡುತ್ತಿತ್ತು. ತೊಂಬತ್ತನಾಲ್ಕಕ್ಕೆ ಹಿಡಿಕೆ ಒಂದು ಕೂದಲೆಳೆ ಹೊರಗೆ ಸರಿಯಿತು. ಗಾಡಿ ಮೈ ಮುರಿದಂತೆ ಸಣ್ಣಗೆ ಅಲುಗಿತು.

ಆಗ ಅವಳ ಕಾಲು, ಅವಳನ್ನು ಕೇಳದೆಯೇ, ಗೇರನ್ನು ಅರ್ಧ ತಟ್ಟಿತು. ನಿಂತ ಗಾಡಿಯಲ್ಲಿ ನ್ಯೂಟ್ರಲ್ ಸಿಕ್ಕಿದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ತಟ್ಟೆಗಳು ಪೂರಾ ಬಿಡಿಸಿಕೊಳ್ಳದೆ ಒಂದಕ್ಕೊಂದು ಅಂಟಿಕೊಂಡೇ ಇರುತ್ತಿದ್ದುದರಿಂದ ಗೇರುಪೆಟ್ಟಿಗೆ ಹಟ ಹಿಡಿಯುತ್ತಿತ್ತು. ಇವತ್ತು ತಟ್ಟೆ ನೇರವಾಗಿ ಎದ್ದಿತ್ತು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ನ್ಯೂಟ್ರಲ್ ಬಿತ್ತು. ಅವಳು ಹಿಡಿಕೆಯನ್ನು ಮೆಲ್ಲಗೆ ಬಿಟ್ಟಳು, ಗೇರಿನಿಂದ ಕಳಚಿಕೊಂಡ ಗಾಡಿ ಅಲುಗಲಿಲ್ಲ. ಬೆರಳುಗಳನ್ನು ಮಾತ್ರ ಅದರ ಸುತ್ತ ಮಡಚಿಕೊಂಡು, ಹಲ್ಲು ಕಚ್ಚಿ, ಭುಜ ನಡುಗಿಸುತ್ತ ಉಳಿದ ಹದಿನಾರು ಸೆಕೆಂಡು ಬಹಳ ಕಷ್ಟಪಟ್ಟಳು. ಹಸಿರು ಬಿತ್ತು. ಎಳೆದಳು, ಗೇರು ಹಾಕಿದಳು, ಹೊರಟಳು. ಹಿಂದಿನಿಂದ ತಮ್ಮ ಒಮ್ಮೆ ಕೆಮ್ಮಿದ.

ಟ್ಯಾಂಕಿನ ಬುಡದಲ್ಲಿ ಜಾಗ ಬದಲಾಯಿಸಿದರು. ತಮ್ಮ ಏರಿಗೆ ಗಾಡಿ ಬಿಟ್ಟ. ಅರ್ಧ ಏರು ಚೆನ್ನಾಗಿಯೇ ಹತ್ತಿತು. ಕಡಿದಾದ ತಿರುವಿನಲ್ಲಿ ಎಂಜಿನ್ನಿನ ದನಿ ಒಂದು ಸ್ವರ ಮೇಲೇರಿತು, ಗಾಡಿಯ ವೇಗ ಏರಲಿಲ್ಲ. ತಮ್ಮ ಥಟ್ಟನೆ ಆಕ್ಸಿಲರೇಟರು ಇಳಿಸಿ ಕನ್ನಡಿಯಲ್ಲಿ ಹಿಂದೆ ನೋಡಿದ. ಅಕ್ಕ ದೂರದ ಮನೆಗಳ ತಾರಸಿಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ತುದಿಯಲ್ಲಿ ಇನ್ನೊಂದು ಸಲ ಹಾಗೇ ಆಯಿತು. ಅವಳು ಇನ್ನೂ ನೋಡುತ್ತಲೇ ಇದ್ದಳು.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಮೊದಲು ತಮ್ಮನನ್ನು ಕೇಳಿದಳು.

"ಇವಳು ಕೈ ಬಿಟ್ಟಳೇನೋ?"

ತಮ್ಮ ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತಿದ್ದ. ಅದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ. ಅಕ್ಕನಿಗೆ ತನ್ನ ಎಲ್ಲ ಬೆಸ ತಾರೀಕುಗಳೂ ಆ ಪಟ್ಟಿಗೆ ಜೋತುಬಿದ್ದಂತೆ ಕಂಡಿತು.

"ಇಲ್ಲಮ್ಮ. ಕೊನೇವರೆಗೂ ಹಿಡ್ಕೊಂಡಿದ್ಲು."

"ಇವನದು ಜಾರಿತೇನೇ?"

"ಎಲ್ಲಿ ಜಾರುತ್ತೆ. ಸಲೀಸಾಗಿ ಹತ್ತಿತು."

ಅಮ್ಮ ಇಬ್ಬರ ಮುಖವನ್ನೂ ಸರದಿಯಂತೆ ನೋಡಿ, ಹಾಗಾದರೆ ಹಳೇ ತಾರೀಕೇ ಇರಲಿ, ನನಗೆ ಚಹಾ ಮಾಡಿ ಎಂದು ಒಳಗೆ ಹೋದಳು. ಮೆಟ್ಟಿಲ ಕೆಳಗೆ ಗಾಡಿಗೆ ಸ್ಟ್ಯಾಂಡು ಹಾಕುವಾಗ ತಮ್ಮ, ಅಕ್ಕನ ಕಡೆ ನೋಡದೆ, "ಹದಿನಾರು ಸೆಕೆಂಡು" ಎಂದ.

"ನಿನ್ನದು ಎರಡು ಸಲ" ಎಂದಳು ಅಕ್ಕ.

"ಭುಜ ಯಾಕೆ ಅಷ್ಟು ನಡುಗಿಸಿದೆ? ನನಗೆ ನಗು ತಡೆಯೋಕಾಗ್ಲಿಲ್ಲ."

ಮರುದಿನ ಬೆಸ ತಾರೀಕು. ಅವಳು ಒಬ್ಬಳೇ ಹೊರಟಳು. ದೊಡ್ಡ ಸರ್ಕಲ್ಲಿನಲ್ಲಿ ಕೆಂಪು ಬಿತ್ತು. ಗೇರನ್ನು ಅರ್ಧ ತಟ್ಟಿ, ಎಡಗೈಯನ್ನು ಹಿಡಿಕೆಯಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಪಕ್ಕದಲ್ಲಿ ಹಾಲಿನ ವ್ಯಾನು ಬಂದು ನಿಂತಿತು. ಅದೇ ವ್ಯಾನಿನವನು ಅವಳನ್ನು ಗುರುತು ಹಿಡಿದು ತನ್ನ ಗಾಡಿಯನ್ನು ಮೆಲ್ಲಗೆ ಎರಡಡಿ ಮುಂದೆ ಸರಿಸಿಕೊಂಡ. ಅಕ್ಕ ಅವನಿಗೆ ಎಡಗೈ ಎತ್ತಿ ನಮಸ್ಕಾರ ಮಾಡಿದಳು. ಹಸಿರಾಗಲು ಇನ್ನೂ ತೊಂಬತ್ತು ಸೆಕೆಂಡಿತ್ತು, ಅಷ್ಟು ಹೊತ್ತೂ ಅವಳ ಕೈಗೆ ಯಾವ ಕೆಲಸವೂ ಇರಲಿಲ್ಲ.